ಕ್ಯಾಮೆರಾ ಎಲ್ಲಿ ನಿಂತಿದೆ?

2023ರ ಜುಲೈನಲ್ಲಿ ಅಣುಬಾಂಬಿನ ವಿಜ್ಞಾನಿಯ ಕಥೆ ‘ಓಪನ್‌ಹೈಮರ್’ ನಮ್ಮ ಥಿಯೇಟರ್‌ಗಳಿಗೆ ಬಂತು. ಅದರಲ್ಲಿ ಒಂದು ಸೀನ್ ಇದೆ. ರೂಮಿನಲ್ಲಿ ಎರಡು ಕುರ್ಚಿ. ಫ್ಲಾರೆನ್ಸ್ ಪ್ಯೂ ಮತ್ತು ಕಿಲಿಯನ್ ಮರ್ಫಿ ಕೂತು ಮಾತಾಡುತ್ತಾರೆ. ಮೂಲ ಸಿನಿಮಾದಲ್ಲಿ ಇಬ್ಬರ ಮೈಮೇಲೂ ಬಟ್ಟೆ ಇಲ್ಲ. ಭಾರತದಲ್ಲಿ ನಾವು ನೋಡಿದ ಪ್ರಿಂಟಿನಲ್ಲಿ ಪ್ಯೂ ಅವರಿಗೆ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಒಂದು ಕಪ್ಪು ಡ್ರೆಸ್ ತೊಡಿಸಿದ್ದರು. ಅವತ್ತು ಥಿಯೇಟರಿನಿಂದ ಹೊರಗೆ ಬರುವಾಗ ನನ್ನ ಸುತ್ತಮುತ್ತ ಅಣುಬಾಂಬಿನಷ್ಟೇ ಆ ಡ್ರೆಸ್ಸಿನ ಮಾತೂ ಇತ್ತು.

ನನ್ನನ್ನು ಕಾಡಿದ್ದು ಬೇರೆ ವಿಷಯ. ಪ್ಯೂ ಮಾಡಿದ ಪಾತ್ರಕ್ಕೆ ಸಿನಿಮಾದಲ್ಲಿ ಸಿಕ್ಕ ಜಾಗ ಕಡಿಮೆ ಅನ್ನುವ ದೂರು ಇದೆ. ನ್ಯಾಯವಾದ ದೂರು. ಆದರೆ ಆ ಒಂದು ಸೀನಿನಲ್ಲಿ ಅವಳೂ ಅವನೂ ಒಂದೇ ಥರ ಕೂತಿದ್ದಾರೆ, ಒಂದೇ ಥರ ಬೆತ್ತಲೆ, ಇಬ್ಬರಿಗೂ ಮಾತಿದೆ. ಅದನ್ನು ಮುಚ್ಚಿದರು. ಅದೇ ಹಾಲಿವುಡ್‌ನಿಂದ ಬರುವ, ನಾವು ಮಕ್ಕಳನ್ನು ಕರ್ಕೊಂಡು ಹೋಗಿ ಪಾಪ್‌ಕಾರ್ನ್ ಕೊಡಿಸಿ ಕೂರಿಸುವ ಎಷ್ಟೋ ಸಿನಿಮಾಗಳಲ್ಲಿ ಯಾರ ಬಟ್ಟೆಯೂ ಪೂರ್ತಿ ಕಳಚುವುದಿಲ್ಲ. ಆದರೂ ಕ್ಯಾಮೆರಾ ಹೆಣ್ಣಿನ ಮೈಯನ್ನು ಕೈಯಲ್ಲಿ ಸವರಿದ ಹಾಗೆ ಸವರುತ್ತದೆ. ಅದಕ್ಕೆ ಯಾರೂ ಡ್ರೆಸ್ ತೊಡಿಸಲು ಹೋಗುವುದಿಲ್ಲ. ತೊಡಿಸಲು ಆಗುವುದೂ ಇಲ್ಲ. ಬಟ್ಟೆ ಆಗಲೇ ಇದೆಯಲ್ಲ!

ಅಮೆರಿಕನ್ ಸಿನಿಮಾ ಹೆಣ್ಣನ್ನು ಕಾಮದ ವಸ್ತುವಿನ ಹಾಗೆ ತೋರಿಸುತ್ತದೆ ಅನ್ನುವ ಮಾತು ಬಂದಾಗಲೆಲ್ಲ ಬಟ್ಟೆಯ ಲೆಕ್ಕ ಶುರುವಾಗುತ್ತದೆ. ಎಷ್ಟು ಕಂಡಿತು, ಎಷ್ಟು ಹೊತ್ತು ಕಂಡಿತು ಅಂತ. ಈ ಲೆಕ್ಕದಲ್ಲಿ ಮುಖ್ಯವಾದದ್ದೇ ಕೈತಪ್ಪಿ ಹೋಗುತ್ತದೆ. ನಾವು ಕೇಳಬೇಕಾದ್ದು ಇಷ್ಟು: ಕ್ಯಾಮೆರಾ ಎಲ್ಲಿ ನಿಂತಿದೆ? ಯಾರ ಪರವಾಗಿ ನೋಡುತ್ತಿದೆ?

ಒಂದು ಸೀನನ್ನು ಹತ್ತಿರದಿಂದ ನೋಡೋಣ. 2007ರ ‘ಟ್ರಾನ್ಸ್‌ಫಾರ್ಮರ್ಸ್’. ಆಟಿಕೆಗಳಿಂದ ಹುಟ್ಟಿದ ಸಿನಿಮಾ. ಹುಡುಗನ ಹಳೇ ಕಾರು ದಾರಿಯಲ್ಲಿ ಕೈಕೊಡುತ್ತದೆ. ಜೊತೆಗಿದ್ದ ಮಿಕೇಲಾ ಅನ್ನುವ ಹುಡುಗಿ ಇಳಿದು ಬಾನೆಟ್ ಎತ್ತುತ್ತಾಳೆ. ಪಾತ್ರ ಮಾಡಿದವರು ಮೇಗನ್ ಫಾಕ್ಸ್. ಇಂಜಿನ್ ನೋಡಿದ ತಕ್ಷಣ ಇದು ಎಂಥ ಕಾರ್ಬ್ಯುರೇಟರ್ ಅಂತ ಹೇಳುತ್ತಾಳೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಲೂಸ್ ಆಗಿದೆ ಅಂತ ಕಂಡುಹಿಡಿಯುತ್ತಾಳೆ. ಇದೆಲ್ಲ ಅಪ್ಪ ಕಲಿಸಿದ್ದು ಅನ್ನುತ್ತಾಳೆ. ತಮಗಿಂತ ಜಾಸ್ತಿ ಕಾರಿನ ವಿಷಯ ಗೊತ್ತಿರುವ ಹುಡುಗಿ ಅಂದರೆ ಹುಡುಗರಿಗೆ ಆಗಲ್ಲ, ಅದಕ್ಕೇ ಹೇಳಿಕೊಂಡು ತಿರುಗಲ್ಲ ಅಂತಲೂ ಹೇಳುತ್ತಾಳೆ. ಕಥೆ ಬರೆದವರು ಒಂದು ಒಳ್ಳೆಯ ಪಾತ್ರವನ್ನೇ ಬರೆದಿದ್ದಾರೆ.

ಈಗ ಕ್ಯಾಮೆರಾ ಏನು ಮಾಡುತ್ತಿದೆ ನೋಡಿ. ಇಂಜಿನ್ ಒಳಗೆ ಅವಳ ಕೈ ಏನು ಕೆಲಸ ಮಾಡುತ್ತಿದೆ ಅನ್ನುವುದರ ಮೇಲೆ ಅದಕ್ಕೆ ಆಸಕ್ತಿ ಇಲ್ಲ. ಅದು ನೋಡುವುದು ತೋಳು ಎತ್ತಿ ಬಾನೆಟ್ ಹಿಡಿದು ಬಾಗಿದ ಹುಡುಗಿಯನ್ನು. ಬರಿಹೊಟ್ಟೆ, ಸೊಂಟ, ಮೈಮೇಲಿನ ಹೊಳಪು. ಮಧ್ಯೆ ಮಧ್ಯೆ ಅವಳನ್ನೇ ನೋಡುತ್ತಾ ಮಾತು ಮರೆತ ಹುಡುಗನ ಮುಖ. ಅವಳ ಮಾತು ಒಂದು ಕಡೆ ಹೋಗುತ್ತಿದೆ, ಕ್ಯಾಮೆರಾ ಇನ್ನೊಂದು ಕಡೆ.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳ ಜೊತೆ ಕೂತು ಈ ಸಿನಿಮಾ ಮತ್ತೆ ನೋಡಿದೆ. ಅವಳಿಗೆ ಈಗ 15 ವರ್ಷ. ಮುಗಿದ ಮೇಲೆ ಸುಮ್ನೆ ಕೇಳಿದೆ, “ಆ ಹುಡುಗಿಗೆ ರಿಪೇರಿ ಕೆಲಸ ಯಾರು ಹೇಳಿಕೊಟ್ಟಿದ್ದು?” ಅಂತ. “ಅವಳಿಗೆ ರಿಪೇರಿ ಬರುತ್ತಾ ಚಿಕ್ಕಮ್ಮಾ?” ಅಂದಳು. ಬಾನೆಟ್ ಮುಂದೆ ನಿಂತ ಭಂಗಿ ಅವಳಿಗೆ ಚೆನ್ನಾಗಿ ನೆನಪಿತ್ತು. ಮಾತು ಕಿವಿಗೇ ಬಿದ್ದಿರಲಿಲ್ಲ. ಮೊದಲ ಸಲ ನೋಡಿದಾಗ ನನ್ನ ಕಿವಿಗೂ ಬಿದ್ದಿರಲಿಲ್ಲ. ಅವಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಒಂದು ಹುಡುಗಿಯ ಜಾಣತನವನ್ನು ಇನ್ನೊಂದು ಹುಡುಗಿಯಿಂದ ಹೀಗೂ ಮುಚ್ಚಿಡಬಹುದು.

ಈ ನೋಟಕ್ಕೆ ಒಂದು ಹೆಸರು ಕೊಟ್ಟವರು ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ. 1975ರಲ್ಲಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಹಾಲಿವುಡ್‌ನ ಹಳೆಯ ಸಿನಿಮಾಗಳನ್ನು ಇಟ್ಟುಕೊಂಡು ಅವರು ಒಂದು ಲೇಖನ ಬರೆದರು. ಸಿನಿಮಾದಲ್ಲಿ ಮೂರು ನೋಟಗಳು ಸೇರುತ್ತವೆ ಅಂದರು. ಕ್ಯಾಮೆರಾದ್ದು ಒಂದು, ಪರದೆ ಮೇಲಿನ ಪಾತ್ರಗಳದ್ದು ಒಂದು, ಕೂತು ನೋಡುವ ನಮ್ಮದು ಒಂದು. ಈ ಮೂರನ್ನೂ ಸಾಮಾನ್ಯವಾಗಿ ಗಂಡಿನ ಕಡೆಗೆ ಜೋಡಿಸಿರುತ್ತಾರೆ. ಅವನು ನೋಡುವವನು, ಅವಳು ನೋಡಿಸಿಕೊಳ್ಳುವವಳು. ಗಂಡುನೋಟ ಅಂದರೆ ಇದು. ಕನ್ನಡದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ‘ಕಣ್ಣು ಹಾಕಿದ’, ‘ದೃಷ್ಟಿ ತಾಗಿತು’, ‘ನೋಟದಲ್ಲೇ ತಿಂದುಬಿಡ್ತಾನೆ’ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ನೋಟವೂ ಮೈ ಮುಟ್ಟುತ್ತದೆ ಅಂತ ನಮ್ಮ ಭಾಷೆಗೆ ಗೊತ್ತು.

ಆ ಮೂರು ನೋಟ ಒಂದೇ ಕ್ಷಣದಲ್ಲಿ ಸೇರುವುದನ್ನು ನೋಡಬೇಕಾದರೆ 2013ರ ‘ಸ್ಟಾರ್ ಟ್ರೆಕ್ ಇನ್‌ಟು ಡಾರ್ಕ್‌ನೆಸ್’ ಇದೆ. ಕ್ಯಾರಲ್ ಮಾರ್ಕಸ್ ಒಬ್ಬ ವಿಜ್ಞಾನಿ, ಆಯುಧಗಳ ಪರಿಣತೆ. ಬಟ್ಟೆ ಬದಲಾಯಿಸಬೇಕು, ಆ ಕಡೆ ತಿರುಗು ಅಂತ ನಾಯಕನಿಗೆ ಹೇಳುತ್ತಾಳೆ. ಅವನು ತಿರುಗುತ್ತಾನೆ, ಆಮೇಲೆ ಹಿಂದಕ್ಕೆ ತಿರುಗಿ ನೋಡುತ್ತಾನೆ. ಅವನ ಜೊತೆ ಕ್ಯಾಮೆರಾನೂ ತಿರುಗುತ್ತದೆ. ಬೇಡ ಅಂದಿದ್ದನ್ನು ನಾವೂ ನೋಡುತ್ತೇವೆ. ಒಳಉಡುಪಿನಲ್ಲಿ ನಿಂತ ನಟಿ ಆಲಿಸ್ ಈವ್, ತಲೆಯಿಂದ ಕಾಲಿನವರೆಗೆ. ಆ ಕೆಲವು ಸೆಕೆಂಡುಗಳಿಂದ ಕಥೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಜನ ಸಿಟ್ಟಾದರು. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಡೇಮನ್ ಲಿಂಡೆಲಾಫ್ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದೇ. ಆದರೆ ಎಷ್ಟು ಜನರ ಕೈ ದಾಟಿ ಆ ಸೀನ್ ಪರದೆಗೆ ಬಂದಿರಬೇಕು! ಬರೆದವರು, ಶೂಟ್ ಮಾಡಿದವರು, ಎಡಿಟ್ ಮಾಡಿದವರು, ಟ್ರೇಲರ್‌ಗೂ ಹಾಕಿದವರು. ಯಾರಿಗೂ ಇದು ಯಾಕೆ ಅನ್ನಿಸಲಿಲ್ಲ.

‘ಐರನ್ ಮ್ಯಾನ್ 2’ ಸಿನಿಮಾದಲ್ಲೂ ಇದೇ ಇದೆ. ಬಂದದ್ದು 2010ರಲ್ಲಿ. ಸ್ಕಾರ್ಲೆಟ್ ಜೊಹಾನ್ಸನ್ ಮೊದಲ ಸಲ ಬ್ಲ್ಯಾಕ್ ವಿಡೋ ಆಗಿ ಬರುತ್ತಾರೆ. ಅವಳು ಗೂಢಚಾರಿಣಿ, ಒಬ್ಬಳೇ ಒಂದು ಗುಂಪನ್ನು ಹೊಡೆದು ಹಾಕುವವಳು. ಹೊಡೆದಾಟಕ್ಕೆ ಹೋಗುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆ ಬದಲಾಯಿಸುತ್ತಾಳೆ. ಕಾರು ಓಡಿಸುವವನ ಕಣ್ಣು ರಸ್ತೆ ಬಿಟ್ಟು ಕನ್ನಡಿಗೆ ಹೋಗುತ್ತದೆ. ಮತ್ತೆ ಕ್ಯಾಮೆರಾ ಅವನ ಪಕ್ಷ. ಹನ್ನೊಂದು ವರ್ಷ ಆದ ಮೇಲೆ, 2021ರಲ್ಲಿ, ಜೊಹಾನ್ಸನ್ ಈ ಬಗ್ಗೆ ಮಾತಾಡಿದರು. ಆ ಸಿನಿಮಾದಲ್ಲಿ ಪಾತ್ರದ ಬಗ್ಗೆ ಒಂದು ವಸ್ತುವಿನ ಹಾಗೆ, ಯಾರದೋ ಸ್ವತ್ತಿನ ಹಾಗೆ ಮಾತಾಡಿದ್ದರು ಅಂದರು. ಆಗ ಚಿಕ್ಕವಳಿದ್ದೆ, ಅದನ್ನೇ ಹೊಗಳಿಕೆ ಅಂದುಕೊಂಡಿದ್ದಿರಬಹುದು ಅನ್ನುವ ಅರ್ಥದಲ್ಲೂ ಹೇಳಿದರು. ಈ ಎರಡನೆಯ ಮಾತು ನನಗೆ ಮೊದಲನೆಯದಕ್ಕಿಂತ ಜಾಸ್ತಿ ತಾಗಿತು.

ಬಿಡಿ ಉದಾಹರಣೆಗಳನ್ನು ಹೆಕ್ಕಿ ತೋರಿಸುತ್ತಿದ್ದೀರಿ ಅಂತ ಯಾರಾದರೂ ಹೇಳಬಹುದು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೇಸಿ ಸ್ಮಿತ್ ಮತ್ತು ಅವರ ತಂಡ 2007ರಿಂದ ಪ್ರತಿ ವರ್ಷದ 100 ಜನಪ್ರಿಯ ಸಿನಿಮಾಗಳನ್ನು ಕೂತು ಎಣಿಸುತ್ತಾ ಬಂದಿದೆ. 2014ರ ಸಿನಿಮಾಗಳಲ್ಲಿ ಮಾತಾಡುವ ಪಾತ್ರಗಳಲ್ಲಿ ಹೆಣ್ಣು ಪಾತ್ರ ನೂರಕ್ಕೆ 28 ಮಾತ್ರ. ಮೈ ತೋರಿಸುವ ಉಡುಪಿನಲ್ಲಿ ಬಂದವರು ಹೆಂಗಸರಲ್ಲಿ ನೂರಕ್ಕೆ 28ರ ಹತ್ತಿರ, ಗಂಡಸರಲ್ಲಿ 8. ಸ್ವಲ್ಪವಾದರೂ ಬೆತ್ತಲೆ ತೋರಿಸಿದ್ದು ಹೆಂಗಸರಲ್ಲಿ 26, ಗಂಡಸರಲ್ಲಿ 9. ಅಂದರೆ ಹೆಂಗಸರು ಬರುವುದೇ ಕಡಿಮೆ, ಬಂದವರು ಹೀಗೆ ಬರುವುದು ಜಾಸ್ತಿ. ಅದೇ ಎಣಿಕೆಯಲ್ಲಿ ಇನ್ನೂ ಒಂದು ಸಂಗತಿ ಸಿಕ್ಕಿತು. 13ರಿಂದ 20 ವರ್ಷದ ಹುಡುಗಿಯರ ಪಾತ್ರಗಳನ್ನು ದೊಡ್ಡ ವಯಸ್ಸಿನ ಯುವತಿಯರ ಪಾತ್ರಗಳಷ್ಟೇ ಹೀಗೆ ತೋರಿಸಿದ್ದರು. ಅಕ್ಕನ ಮಗಳ ವಯಸ್ಸು!

ಹಾಗಾದರೆ ಇದು ಯಾಕೆ ನಿಲ್ಲುವುದಿಲ್ಲ? ಗಂಡಸರ ಆಸೆ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಇದರ ಹಿಂದೆ ಒಂದು ಯಂತ್ರ ಇದೆ. ಅದು ರೇಟಿಂಗ್.

ಸಿನಿಮಾಕ್ಕೆ ಸರ್ಟಿಫಿಕೇಟ್ ಕೊಡುವ ನಮ್ಮಂಥ ಸರ್ಕಾರಿ ಮಂಡಳಿ ಅಮೆರಿಕದಲ್ಲಿ ಇಲ್ಲ. 1934ರಿಂದ ಸ್ಟುಡಿಯೋಗಳೇ ಸೇರಿ ಪರದೆ ಮೇಲೆ ಏನು ತೋರಿಸಬಾರದು ಅಂತ ಹೇಳುವ ‘ಹೇಸ್ ಕೋಡ್’ ಅನ್ನುವ ಕಟ್ಟುಪಾಡು ನಡೆಸುತ್ತಿದ್ದವು. 1968ರಲ್ಲಿ ಅದು ಹೋಗಿ ವಯಸ್ಸಿನ ಪ್ರಕಾರ ರೇಟಿಂಗ್ ಬಂತು. ‘ಆರ್’ ಸಿಕ್ಕರೆ 17ರ ಒಳಗಿನವರು ದೊಡ್ಡವರ ಜೊತೆಗೇ ಬರಬೇಕು. ‘ಎನ್‌ಸಿ-17’ ಸಿಕ್ಕರೆ ಅವರಿಗೆ ಬಾಗಿಲೇ ಇಲ್ಲ. ಎಷ್ಟೋ ಥಿಯೇಟರ್‌ಗಳು ಅಂಥ ಸಿನಿಮಾ ಹಾಕುವುದಿಲ್ಲ. 1984ರಲ್ಲಿ ಮಧ್ಯೆ ಒಂದು ಹೊಸ ಮೆಟ್ಟಿಲು ಬಂತು, ‘ಪಿಜಿ-13’. ತಂದೆತಾಯಿಗೆ ಎಚ್ಚರಿಕೆ ಇರುತ್ತದೆ, ಟಿಕೆಟಿಗೆ ಅಡ್ಡಿ ಇರುವುದಿಲ್ಲ. ಹದಿಹರೆಯದ ಹುಡುಗರು ಗುಂಪು ಕಟ್ಟಿಕೊಂಡು ಬರಬಹುದು. ಕೋಟಿಗಟ್ಟಲೆ ಡಾಲರ್ ಸುರಿದ ಸೂಪರ್‌ಹೀರೋ ಸಿನಿಮಾಗಳಲ್ಲಿ ಹೆಚ್ಚಿನವು ಈ ಮೆಟ್ಟಿಲಿಗೇ ಬಂದು ನಿಲ್ಲುವುದು ಅದಕ್ಕೆ. ಮೇಲೆ ಹೇಳಿದ ಮೂರು ಸಿನಿಮಾಗಳೂ ಪಿಜಿ-13.

ಪಿಜಿ-13ರಲ್ಲಿ ಬೆತ್ತಲೆ ಮೈ ಕಾಣಬಹುದು, ಆದರೆ ಅದು ಸಾಮಾನ್ಯವಾಗಿ ಕಾಮಕ್ಕೆ ಸಂಬಂಧಪಟ್ಟಿರಬಾರದು. ನಿಯಮ ಕೇಳಲು ಚೆನ್ನಾಗಿದೆ. ನಡೆಯುವುದು ಏನು? ಬಟ್ಟೆ ಪೂರ್ತಿ ತೆಗೆಯುವ ಹಾಗಿಲ್ಲ, ಹದಿನಾಲ್ಕರ ಹುಡುಗನನ್ನು ಸೀಟಿಗೆ ಎಳೆಯಬೇಕು. ಹಾಗಾಗಿ ಒಳಉಡುಪು, ಒದ್ದೆಯಾದ ಬಟ್ಟೆ, ಮೈಗಂಟಿದ ಸೂಟು, ಸೊಂಟದ ಕೆಳಗಿನಿಂದ ಇಟ್ಟ ಕ್ಯಾಮೆರಾ. ಎಷ್ಟು ಚರ್ಮ ಕಂಡಿತು ಅಂತ ರೇಟಿಂಗ್ ಕೊಡುವವರು ಎಣಿಸಬಹುದು. ಕ್ಯಾಮೆರಾ ಎಲ್ಲಿ ಎಷ್ಟು ಹೊತ್ತು ತಂಗಿತು ಅನ್ನುವುದಕ್ಕೆ ಅವರ ಹತ್ತಿರ ಅಳತೆಗೋಲು ಇಲ್ಲ.

ಇದರ ಇನ್ನೊಂದು ಮುಖ ಇದಕ್ಕಿಂತ ನೋವಿನದ್ದು. ಹೆಣ್ಣನ್ನು ನೋಡಿ ಗಂಡು ಸುಖಪಡುವುದು ಹದಿಮೂರರ ಮಕ್ಕಳಿಗೂ ಸರಿ. ಹೆಣ್ಣೇ ಸುಖಪಟ್ಟರೆ? 1999ರ ‘ಬಾಯ್ಸ್ ಡೋಂಟ್ ಕ್ರೈ’ ನಿರ್ದೇಶಕಿ ಕಿಂಬರ್ಲಿ ಪಿಯರ್ಸ್ ತಮಗಾದದ್ದನ್ನು ಹೇಳಿಕೊಂಡಿದ್ದಾರೆ. ಅವರ ಸಿನಿಮಾಕ್ಕೆ ಮೊದಲು ಎನ್‌ಸಿ-17 ಕೊಟ್ಟರು. ಕಾರಣಗಳಲ್ಲಿ ಒಂದು, ಒಬ್ಬ ಹೆಣ್ಣು ಸುಖದ ತುದಿ ಮುಟ್ಟುವ ಶಾಟ್ ತುಂಬಾ ಉದ್ದ ಆಯಿತು ಅನ್ನುವುದು. ಅಲ್ಲಿ ಕ್ಯಾಮೆರಾ ನೋಡುತ್ತಿದ್ದದ್ದು ಅವಳ ಮುಖವನ್ನು. ಅದೇ ಸಿನಿಮಾದಲ್ಲಿ ತಲೆಗೆ ಗುಂಡು ಹೊಡೆದು ಕೊಲ್ಲುವ ದೃಶ್ಯ ಇದೆ. ಅದಕ್ಕೆ ತಕರಾರು ಬರಲಿಲ್ಲ.

2010ರಲ್ಲಿ ‘ಬ್ಲೂ ವ್ಯಾಲೆಂಟೈನ್’ಗೂ ಹೀಗೇ ಆಯಿತು. ಮದುವೆಯೊಂದು ಮುರಿದು ಬೀಳುವ ಕಥೆ. ಗಂಡ ತನ್ನ ಹೆಂಡತಿಗೆ ಸುಖ ಕೊಡುವ ಒಂದು ಸೀನ್ ಇದೆ. ಕಾಣುವ ಮೈ ಬಹಳ ಕಡಿಮೆ. ಅದಕ್ಕೆ ಎನ್‌ಸಿ-17. ಹೆಣ್ಣನ್ನು ಪರದೆ ಮೇಲೆ ಹೇಗೆ ತೋರಿಸಬೇಕು ಅನ್ನುವುದರ ಮೇಲೆ ಗಂಡಸರ ಹಿಡಿತ ಇರುವ ಸಮಾಜದ ತೀರ್ಮಾನ ಇದು ಅಂತ ನಟ ರಯಾನ್ ಗಾಸ್ಲಿಂಗ್ ಬಹಿರಂಗವಾಗಿ ಹೇಳಿದರು. ಅಪೀಲು ಹೋಗಿ ಗೆದ್ದು ಆರ್ ತಂದುಕೊಂಡರು. ಆ ಸಿನಿಮಾ ಹಂಚುತ್ತಿದ್ದದ್ದು, ಅಪೀಲಿನಲ್ಲಿ ಮುಂದೆ ನಿಂತಿದ್ದದ್ದು ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಕಂಪನಿ. ಆ ಹೆಸರಿಗೆ ಈಗಲೇ ಬರುತ್ತೇನೆ.

ಅದಕ್ಕೂ ಮೊದಲು ಪೋಸ್ಟರ್ ಬಗ್ಗೆ ಒಂದು ಮಾತು. 2004ರ ‘ಕಿಂಗ್ ಆರ್ಥರ್’ ಅಮೆರಿಕನ್ ಪೋಸ್ಟರಿನಲ್ಲಿ ಬಿಲ್ಲು ಹಿಡಿದ ಕೀರಾ ನೈಟ್ಲಿ ಎದೆಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ್ದರು. ಅವರೇ ಮುಂದೆ ಅದರ ಬಗ್ಗೆ ಮಾತಾಡಿದರು. 2016ರಲ್ಲಿ ಮಾರ್ಸಿಯಾ ಬೆಲ್ಸ್ಕಿ ಅನ್ನುವವರು ಹಾಲಿವುಡ್ ಪೋಸ್ಟರ್‌ಗಳಲ್ಲಿ ತಲೆಯೇ ಇಲ್ಲದ ಹೆಂಗಸರ ಚಿತ್ರಗಳನ್ನು ಒಂದು ಕಡೆ ಕೂಡಿಸಲು ಶುರುಮಾಡಿದರು. ಬರೀ ಕಾಲು, ಬರೀ ಸೊಂಟ, ಬರೀ ಎದೆ. ಒಂದೊಂದನ್ನೇ ನೋಡಿದಾಗ ಏನೂ ಅನ್ನಿಸುವುದಿಲ್ಲ. ಸಾಲಾಗಿ ಇಟ್ಟು ನೋಡಿದರೆ ಹೊಟ್ಟೆ ತೊಳಸುತ್ತದೆ.

ಈಗ ಸೆಟ್ಟಿನ ಒಳಗೆ ಹೋಗೋಣ. ಪರದೆ ಮೇಲೆ ಕಾಣುವ ಮೈ ಯಾರದೋ ಒಬ್ಬರ ಮೈ. ಅವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಅಂತ ಬಂದವರು. ನಮ್ಮ ಚರ್ಚೆಗಳಲ್ಲಿ ಇದು ಬೇಗ ಮರೆತುಹೋಗುತ್ತದೆ.

ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಲೋ ಬದುಕನ್ನು ಸಿನಿಮಾ ಮಾಡಬೇಕು ಅನ್ನುವುದು ನಟಿ ಸಲ್ಮಾ ಹಾಯೆಕ್ ಅವರ ವರ್ಷಗಳ ಕನಸು. 2002ರಲ್ಲಿ ‘ಫ್ರೀಡಾ’ ಬಂತು. ನಿರ್ದೇಶಕಿ ಜೂಲಿ ಟೇಮರ್. ಹಂಚುವ ಅಧಿಕಾರ ವೈನ್‌ಸ್ಟೀನ್ ಕೈಯಲ್ಲಿತ್ತು. 2017ರ ಡಿಸೆಂಬರಿನಲ್ಲಿ ಹಾಯೆಕ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಆ ದಿನಗಳ ಬಗ್ಗೆ ಬರೆದರು. ಶೂಟಿಂಗ್ ಮಧ್ಯದಲ್ಲಿ ವೈನ್‌ಸ್ಟೀನ್ ಫ್ರೀಡಾಳ ಕುಂಟು ನಡಿಗೆಯ ಬಗ್ಗೆ, ಕೂಡಿಕೊಂಡ ಹುಬ್ಬಿನ ಬಗ್ಗೆ ಕೂಗಾಡಿದನಂತೆ. ನಿನ್ನಲ್ಲಿ ಇರುವುದು ಒಂದೇ, ಮೈಯ ಆಕರ್ಷಣೆ, ಅದೇ ಈ ಸಿನಿಮಾದಲ್ಲಿ ಇಲ್ಲ ಅಂದನಂತೆ. ಯೋಚನೆ ಮಾಡಿ. ಫ್ರೀಡಾ ಕುಂಟುತ್ತಿದ್ದದ್ದು ಚಿಕ್ಕಂದಿನ ಪೋಲಿಯೋದಿಂದ, ಆಮೇಲೆ ಆದ ಬಸ್ ಅಪಘಾತದಿಂದ. ಆ ಹುಬ್ಬನ್ನು ಅವಳು ತನ್ನ ಚಿತ್ರಗಳಲ್ಲಿ ಮತ್ತೆ ಮತ್ತೆ ಬೇಕೆಂದೇ ಬರೆದಳು. ಆ ಹೆಣ್ಣಿನ ಕಥೆಯಲ್ಲಿ ಒಬ್ಬ ನಿರ್ಮಾಪಕನಿಗೆ ಕಂಡ ಕೊರತೆ ಇದು.

ಸಿನಿಮಾ ಮುಗಿಸಲು ಬಿಡಬೇಕಾದರೆ ಇನ್ನೊಬ್ಬ ಹೆಂಗಸಿನ ಜೊತೆ ಪೂರ್ತಿ ಬೆತ್ತಲೆಯಾಗುವ ಒಂದು ಕಾಮದ ಸೀನ್ ಬೇಕು ಅಂತ ಷರತ್ತು ಹಾಕಿದ ಅಂತ ಹಾಯೆಕ್ ಬರೆದಿದ್ದಾರೆ. ಅಷ್ಟು ಜನರ ದುಡಿಮೆ ಹಾಳಾಗುತ್ತದೆ ಅಂತ ಒಪ್ಪಿಕೊಂಡರು. ಆ ದಿನ ಸೆಟ್ಟಿಗೆ ಬಂದವರಿಗೆ ಉಸಿರು ಕಟ್ಟಿತು. ಅಳು ಬಂತು, ನಿಲ್ಲಲಿಲ್ಲ. ವಾಂತಿ ಆಯಿತು. ಬೇರೆ ಹೆಂಗಸಿನ ಜೊತೆ ಬೆತ್ತಲೆ ಇರಬೇಕಲ್ಲ ಅಂತ ಹಾಗಾದದ್ದಲ್ಲ, ವೈನ್‌ಸ್ಟೀನ್‌ಗಾಗಿ ಬೆತ್ತಲೆ ಆಗಬೇಕಲ್ಲ ಅಂತ ಹಾಗಾಯಿತು ಅಂದರು. ಕೊನೆಗೆ ಮಾತ್ರೆ ನುಂಗಿ ಸೀನ್ ಮುಗಿಸಿದರು. ಅಳು ನಿಂತಿತು, ವಾಂತಿ ಜಾಸ್ತಿ ಆಯಿತು. ಒತ್ತಾಯ ಮಾಡಿದ ನೆನಪಿಲ್ಲ ಅಂತ ವೈನ್‌ಸ್ಟೀನ್ ಕಡೆಯವರು ಉತ್ತರ ಕೊಟ್ಟರು. ಅವನ ಮೇಲಿನ ಅತ್ಯಾಚಾರದ ಕೇಸುಗಳಲ್ಲಿ ಲಾಸ್ ಏಂಜಲೀಸ್ ಕೋರ್ಟು 2022ರಲ್ಲಿ ಅವನನ್ನು ಅಪರಾಧಿ ಅಂತ ತೀರ್ಮಾನಿಸಿತು.

ಹಾಯೆಕ್ ಬರೆದದ್ದನ್ನು ಓದಿದ ಮೇಲೆ ನನಗೆ ಆ ಸೀನನ್ನು ಮೊದಲಿನ ಹಾಗೆ ನೋಡಲು ಆಗಲಿಲ್ಲ. ಪರದೆಯ ಮೇಲೆ ಅದು ಸುಖದ ದೃಶ್ಯ. ಅದರ ಆ ಕಡೆ ಒಬ್ಬರು ನಡುಗುತ್ತಾ ನಿಂತಿದ್ದರು.

2017ರ ಅಕ್ಟೋಬರಿನಲ್ಲಿ ವೈನ್‌ಸ್ಟೀನ್ ಬಗ್ಗೆ ವರದಿಗಳು ಬಂದು ‘ಮೀ ಟೂ’ ಹಬ್ಬಿದ ಮೇಲೆ ಸೆಟ್ಟಿನಲ್ಲಿ ಕೆಲವು ಬದಲಾವಣೆಗಳಾದವು. ಎಲ್ಲಕ್ಕಿಂತ ದೊಡ್ಡದು ಇಂಟಿಮಸಿ ಕೋಆರ್ಡಿನೇಟರ್ ಅನ್ನುವ ಕೆಲಸ. ಎಚ್‌ಬಿಒ ವಾಹಿನಿಯ ‘ದ ಡ್ಯೂಸ್’ ಸರಣಿಯಲ್ಲಿ ನಟಿಸುತ್ತಿದ್ದ ಎಮಿಲಿ ಮೀಡ್ ತಮ್ಮ ಜೊತೆ ನಿಲ್ಲಲು ಒಬ್ಬರು ಬೇಕು ಅಂತ ಕೇಳಿದರು. ಅಲಿಸಿಯಾ ರೋಡಿಸ್ ಬಂದರು. 2018ರ ಕೊನೆಯ ಹೊತ್ತಿಗೆ ಅಂಥ ಸೀನ್ ಇರುವ ತನ್ನ ಎಲ್ಲ ಸರಣಿಗಳಿಗೂ ಎಚ್‌ಬಿಒ ಇದನ್ನು ಕಡ್ಡಾಯ ಮಾಡಿತು. ನಟನಟಿಯರ ಸಂಘ 2020ರಲ್ಲಿ ಮಾರ್ಗಸೂಚಿ ತಂದಿತು.

ಕೆಲಸ ಕೇಳಲು ಸರಳ. ಹೊಡೆದಾಟದ ಸೀನಿಗೆ ಫೈಟ್ ಮಾಸ್ಟರ್ ಇರುತ್ತಾರಲ್ಲ, ಹಾಗೆ. ಯಾರ ಕೈ ಎಲ್ಲಿ ಹೋಗುತ್ತದೆ, ಎಲ್ಲಿ ಹೋಗಬಾರದು, ಏನು ಕಾಣುತ್ತದೆ, ಎಷ್ಟು ಕಾಣುತ್ತದೆ ಅಂತ ಮೊದಲೇ ಮಾತಾಗಿ ಬರವಣಿಗೆಗೆ ಇಳಿಯುತ್ತದೆ. ಆ ಸೀನ್ ದಿನ ಸೆಟ್ಟಿನಲ್ಲಿ ಬೇಕಾದವರು ಮಾತ್ರ ಇರಬೇಕು. ಒಪ್ಪಿದವರು ಮನಸ್ಸು ಬದಲಾಯಿಸಬಹುದು. ಮೈ ಮುಚ್ಚಲು ಪಟ್ಟಿಗಳು, ನಡುವೆ ಇಡಲು ದಿಂಬಿನಂಥ ವಸ್ತುಗಳು, ಶಾಟ್ ಕಟ್ ಆದ ತಕ್ಷಣ ಹೊದೆಯಲು ನಿಲುವಂಗಿ. ಒಂದು ನಿಲುವಂಗಿ ಹಿಡಿದು ಯಾರಾದರೂ ಪಕ್ಕದಲ್ಲಿ ಕಾಯುತ್ತಿರಬೇಕು ಅನ್ನುವುದು ನಿಯಮ ಆಗಲು ಹಾಲಿವುಡ್‌ಗೆ ನೂರು ವರ್ಷ ಹಿಡಿಯಿತು.

ಆದರೆ ಇದು ಸೆಟ್ಟಿನ ಸುರಕ್ಷತೆ. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಅಂತ ಕೋಆರ್ಡಿನೇಟರ್ ತೀರ್ಮಾನ ಮಾಡುವುದಿಲ್ಲ. ಅದನ್ನು ಮಾಡುವವರು ನಿರ್ದೇಶಕರು ಮತ್ತು ಛಾಯಾಗ್ರಾಹಕರು. ಅಲ್ಲಿ ಯಾರಿದ್ದಾರೆ? ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಥಾ ಲಾಜೆನ್ ವರ್ಷ ವರ್ಷ ಎಣಿಸುತ್ತಾರೆ. 2024ರ ಗಳಿಕೆಯಲ್ಲಿ ಮುಂದಿದ್ದ 250 ಸಿನಿಮಾಗಳ ನಿರ್ದೇಶಕರಲ್ಲಿ ಹೆಂಗಸರು ನೂರಕ್ಕೆ 16. ಛಾಯಾಗ್ರಹಣದ ಆಸ್ಕರ್‌ಗೆ ಒಬ್ಬ ಹೆಣ್ಣಿನ ಹೆಸರು ಸೂಚಿತವಾದದ್ದೇ 2018ರಲ್ಲಿ, ರೇಚಲ್ ಮಾರಿಸನ್. ಅಲ್ಲಿಯವರೆಗೆ ಸುಮಾರು 90 ವರ್ಷ ಆ ಪಟ್ಟಿಯಲ್ಲಿ ಒಂದು ಹೆಣ್ಣಿನ ಹೆಸರೂ ಇರಲಿಲ್ಲ.

ಕ್ಯಾಮೆರಾ ಹಿಂದೆ ಯಾರಿದ್ದಾರೆ ಅನ್ನುವುದು ಎಷ್ಟು ಮುಖ್ಯ ಅಂತ 2017ರಲ್ಲಿ ನಮ್ಮ ಕಣ್ಣೆದುರೇ ಒಂದು ಪರೀಕ್ಷೆ ನಡೆಯಿತು. ಜೂನ್‌ನಲ್ಲಿ ‘ವಂಡರ್ ವುಮನ್’ ಬಂತು, ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್. ನವೆಂಬರಿನಲ್ಲಿ ‘ಜಸ್ಟಿಸ್ ಲೀಗ್’ ಬಂತು, ಜ್ಯಾಕ್ ಸ್ನೈಡರ್ ಶುರುಮಾಡಿ ಜಾಸ್ ವೀಡನ್ ಮುಗಿಸಿದ್ದು. ಎರಡರಲ್ಲೂ ಅದೇ ಗ್ಯಾಲ್ ಗಡೋಟ್, ಹೆಚ್ಚುಕಮ್ಮಿ ಅದೇ ಉಡುಪು. ಮೊದಲನೆಯದರಲ್ಲಿ ಡಯಾನಾ, ಅಂದರೆ ವಂಡರ್ ವುಮನ್, ಕಂದಕದಿಂದ ಯುದ್ಧಭೂಮಿಗೆ ಹತ್ತುವ ಸೀನ್ ಇದೆ. ಏಣಿ ಮೇಲೆ ಬೂಟು, ಕೈಗಾಪು, ಗುರಾಣಿ, ಆಮೇಲೆ ಮುಖ. ಕಾಲು ಕಾಣುತ್ತದೆ, ಆದರೆ ಅದು ನಡೆಯುವ ಕಾಲು. ಇನ್ನೊಂದು ಕಡೆ ಅವಳು ಜಿಗಿದು ನೆಲಕ್ಕೆ ಇಳಿದಾಗ ತೊಡೆಯ ಮಾಂಸ ಸ್ವಲ್ಪ ಅದುರುತ್ತದೆ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ ಅಂತ ಎಷ್ಟೋ ಹೆಂಗಸರು ಖುಷಿಯಿಂದ ಬರೆದುಕೊಂಡರು. ಐದು ತಿಂಗಳ ಮೇಲೆ ಬಂದ ಸಿನಿಮಾದಲ್ಲಿ ಕ್ಯಾಮೆರಾ ಅದೇ ಡಯಾನಾಳ ಹಿಂದೆ, ಸೊಂಟದ ಕೆಳಗೆ ಹೋಗಿ ನಿಂತಿತ್ತು. ಅವಳ ಊರಿನ ಯೋಧೆಯರಲ್ಲಿ ಕೆಲವರ ಹೊಟ್ಟೆ ಮೇಲಿನ ಕವಚ ಮಾಯವಾಗಿತ್ತು. ಜನ ಎರಡೂ ಸಿನಿಮಾಗಳ ಫೋಟೋ ಪಕ್ಕಪಕ್ಕ ಇಟ್ಟು ಕೇಳಿದರು, ಯುದ್ಧಕ್ಕೆ ಹೋಗುವವರು ಹೊಟ್ಟೆಯನ್ನೇ ಬಿಟ್ಟು ಕವಚ ತೊಡುತ್ತಾರಾ ಅಂತ.

ಜನಕ್ಕೆ ಬೇಕಾದ್ದನ್ನು ಕೊಡುತ್ತೇವೆ ಅನ್ನುವ ಹಳೇ ವಾದ ಇಲ್ಲಿ ನಿಲ್ಲುವುದಿಲ್ಲ. ‘ವಂಡರ್ ವುಮನ್’ ಜಗತ್ತಿನಾದ್ಯಂತ 80 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ‘ಜಸ್ಟಿಸ್ ಲೀಗ್’ ಅದಕ್ಕಿಂತ ಕಡಿಮೆ. 2023ರಲ್ಲಿ ಗ್ರೆಟಾ ಗರ್ವಿಗ್ ಅವರ ‘ಬಾರ್ಬಿ’ 140 ಕೋಟಿ ಡಾಲರ್ ದಾಟಿ ಆ ವರ್ಷದ ಮೊದಲ ಸ್ಥಾನಕ್ಕೆ ಬಂತು. ಅದೇ ವರ್ಷ ಲಾಸ್ ಏಂಜಲೀಸಿನ ಯುಸಿಎಲ್‌ಎ ಸಂಶೋಧಕರು 13ರಿಂದ 24 ವರ್ಷದವರನ್ನು ಕೇಳಿದಾಗ, ಹೆಚ್ಚಿನ ಕಥೆಗಳಿಗೆ ಕಾಮದ ಸೀನ್ ಬೇಕಾಗಿಲ್ಲ ಅಂದವರು ಅರ್ಧದ ಹತ್ತಿರ ಹತ್ತಿರ, ನೂರಕ್ಕೆ 47.5.

ಈ ಕೊನೆಯ ಸಂಖ್ಯೆ ನೋಡಿ ಕೆಲವರಿಗೆ ಸಮಾಧಾನ ಆಗಬಹುದು. ನನಗೆ ಪೂರ್ತಿ ಸಮಾಧಾನ ಇಲ್ಲ. ಹುಡುಗಿಯರು ತಮ್ಮನ್ನು ತೋರಿಸುವ ರೀತಿ ನೋಡಿ ರೋಸಿಹೋಗಿ ಹೀಗೆ ಹೇಳಿದ್ದರೆ ಅದು ಅರ್ಥ ಆಗುತ್ತದೆ. ಆದರೆ ಎಲ್ಲವನ್ನೂ ಮುಚ್ಚಿಬಿಡುವುದು ಹೇಸ್ ಕೋಡ್ ಕಾಲದ ಮದ್ದು. ಆ ಮೂವತ್ತನಾಲ್ಕು ವರ್ಷಗಳಲ್ಲಿ ಗಂಡುನೋಟ ಎಲ್ಲಿಗೂ ಹೋಗಲಿಲ್ಲ. ಮಲ್ವಿ ಬರೆದದ್ದು ಹೆಚ್ಚಾಗಿ ಆ ಕಾಲದ ಸಿನಿಮಾಗಳ ಬಗ್ಗೆಯೇ. ಹೆಣ್ಣಿನ ಆಸೆ, ಅವಳ ಸುಖ, ಅವಳ ಮೈ ಅವಳಿಗೆ ಹೇಗೆ ಕಾಣುತ್ತದೆ ಅನ್ನುವುದು, ಇವೂ ಸಿನಿಮಾದಲ್ಲಿ ಬರಬೇಕಾದ ವಿಷಯಗಳೇ. ಕಪ್ಪು ಡ್ರೆಸ್ ತೊಡಿಸಿದರೆ ಅವೂ ಒಳಗೇ ಉಳಿಯುತ್ತವೆ.

ಅದಕ್ಕೇ ಈಚಿನ ಎರಡು ಸಿನಿಮಾಗಳು ನನಗೆ ಮುಖ್ಯ ಅನ್ನಿಸುತ್ತವೆ. ಒಂದು ಎಮ್ಮಾ ಸ್ಟೋನ್ ನಟಿಸಿದ ‘ಪೂರ್ ಥಿಂಗ್ಸ್’, ಇನ್ನೊಂದು ಮೈಕಿ ಮ್ಯಾಡಿಸನ್ ನಟಿಸಿದ ‘ಅನೋರಾ’. 2024 ಮತ್ತು 2025ರಲ್ಲಿ ಸಾಲಾಗಿ ಇಬ್ಬರಿಗೂ ಉತ್ತಮ ನಟಿ ಆಸ್ಕರ್ ಬಂತು. ಎರಡರಲ್ಲೂ ಬೆತ್ತಲೆ ಸೀನ್‌ಗಳು ಬೇಕಾದಷ್ಟಿವೆ. ಎರಡರ ನಿರ್ದೇಶಕರೂ ಗಂಡಸರು. ‘ಪೂರ್ ಥಿಂಗ್ಸ್’ನ ಬೆಲ್ಲಾ ಜಗತ್ತನ್ನು ಮೊದಲ ಸಲ ನೋಡುವ ಮಗುವಿನ ಕುತೂಹಲದಲ್ಲಿ ತನ್ನ ಮೈಯನ್ನೂ ಕಂಡುಕೊಳ್ಳುತ್ತಾಳೆ. ನಾಚಿಕೆ ಅನ್ನುವುದನ್ನು ಯಾರೂ ಅವಳಿಗೆ ಇನ್ನೂ ಕಲಿಸಿಲ್ಲ. ಸ್ಟೋನ್ ಆ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬರು, ತೀರ್ಮಾನಗಳಲ್ಲಿ ಅವರ ಮಾತು ನಡೆಯುತ್ತಿತ್ತು. ಇಷ್ಟಾದರೂ ವೇಶ್ಯಾಗೃಹದ ಭಾಗ ಬಂದಾಗ ನನಗೆ ಇರಿಸುಮುರಿಸಾಯಿತು. ಅಲ್ಲಿ ಕ್ಯಾಮೆರಾ ಅವಳ ಕುತೂಹಲ ಬಿಟ್ಟು ಬೇರೆಯವರ ಕುತೂಹಲಕ್ಕೆ ದಾರಿ ಬಿಡುತ್ತದೆ ಅನ್ನಿಸಿತು. ಇದನ್ನು ಒಪ್ಪದ ಗೆಳತಿಯರು ನನಗಿದ್ದಾರೆ.

‘ಅನೋರಾ’ ಬಗ್ಗೆ ಚರ್ಚೆ ಇನ್ನೂ ಜೋರಾಗಿತ್ತು. ನ್ಯೂಯಾರ್ಕ್‌ನ ಕ್ಲಬ್ಬಿನಲ್ಲಿ ಕುಣಿಯುವ ಹುಡುಗಿ ಆನಿಯ ಕಥೆ. ಇಂಟಿಮಸಿ ಕೋಆರ್ಡಿನೇಟರ್ ಬೇಕಾ ಅಂತ ಕೇಳಿದ್ದರು, ಬೇಡ ಅಂದೆ ಅಂತ ಮ್ಯಾಡಿಸನ್ ಹೇಳಿದಾಗ ಹಲವರಿಗೆ ಗಾಬರಿ ಆಯಿತು. ಅವರು ದೊಡ್ಡವರು, ಅವರ ತೀರ್ಮಾನ ಅವರದ್ದು. ಆದರೆ ಸಣ್ಣ ನಟಿಯೊಬ್ಬಳಿಗೆ ಅದೇ ಪ್ರಶ್ನೆ ಕೇಳಿದಾಗ ಬೇಕು ಅನ್ನುವ ಧೈರ್ಯ ಬರುತ್ತದಾ? ಬೇಡ ಅಂದವರನ್ನು ಹೊಗಳಿದಷ್ಟೂ ಬೇಕು ಅನ್ನುವುದು ಕಷ್ಟ ಆಗುತ್ತದೆ. ಆ ಒಬ್ಬರನ್ನು ಎಲ್ಲ ಸೆಟ್ಟಿನಲ್ಲೂ ಕಡ್ಡಾಯವಾಗಿ ಇಡುವುದೇ ಸರಿ ಅಂತ ನನ್ನ ಅಭಿಪ್ರಾಯ.

ಸಿನಿಮಾ ಶುರುವಾಗುವುದು ಕ್ಲಬ್ಬಿನಲ್ಲಿ. ಕ್ಯಾಮೆರಾ ಗಿರಾಕಿಗಳ ಮುಂದೆ ಕುಣಿಯುವ ಹುಡುಗಿಯರ ಸಾಲನ್ನು ಒಂದು ಕಡೆಯಿಂದ ನೋಡುತ್ತಾ ಹೋಗುತ್ತದೆ. ಒಬ್ಬಳು, ಇನ್ನೊಬ್ಬಳು, ಮತ್ತೊಬ್ಬಳು. ಅದು ಗಿರಾಕಿಯ ನೋಟ. ಆಮೇಲೆ ಎರಡು ಗಂಟೆಗೂ ಹೆಚ್ಚು ಹೊತ್ತು ಕ್ಯಾಮೆರಾ ಆನಿಯ ಜೊತೆ ಓಡುತ್ತದೆ, ಅವಳು ಕಿರುಚಿದಾಗ, ಒದ್ದಾಗ, ಸೋತಾಗ. ಕೊನೆಯ ಸೀನು ಒಂದು ಹಳೇ ಕಾರಿನ ಒಳಗೆ. ಹೊರಗೆ ಹಿಮ ಬೀಳುತ್ತಿದೆ. ತನ್ನ ಜೊತೆ ಒಳ್ಳೆಯದಾಗಿ ನಡೆದುಕೊಂಡ ಒಬ್ಬ ಗಂಡಸಿಗೆ ಆನಿ ತನಗೆ ಗೊತ್ತಿರುವ ಒಂದೇ ರೀತಿಯಲ್ಲಿ ಋಣ ತೀರಿಸಲು ಹೋಗುತ್ತಾಳೆ. ಅವನು ಮುತ್ತು ಕೊಡಲು ಬಂದಾಗ ತಡೆಯುತ್ತಾಳೆ, ಹೊಡೆಯುತ್ತಾಳೆ, ಆಮೇಲೆ ಅವನ ಎದೆ ಮೇಲೆ ಕುಸಿದು ಅಳುತ್ತಾಳೆ. ಕ್ಯಾಮೆರಾ ಕಾರಿನ ಒಳಗೇ, ಅವರ ಹತ್ತಿರವೇ ಇರುತ್ತದೆ. ಮೈ ಹುಡುಕಿಕೊಂಡು ಹೋಗುವುದಿಲ್ಲ. ಪರದೆ ಕಪ್ಪಾಗುತ್ತದೆ, ಹೆಸರುಗಳು ಬರುತ್ತವೆ. ಹಾಡಿಲ್ಲ. ಗಾಜು ಒರೆಸುವ ವೈಪರ್ ಸದ್ದು ಮಾತ್ರ ಕೇಳುತ್ತಿರುತ್ತದೆ.